ನಾಕು ಬ್ಯಾಸಗಿ, ಒಂದೇ ಸ್ಟ್ರ್ಯಾಪ್: ಕಲಬುರಗಿ ಬಿಸಲಾಗ ಪೀಕ್ ಡಿಸೈನ್ ಸ್ಲೈಡ್ ಹೆಂಗ ನಡೀತು

ಮದುವಿ ಫೋಟೋ ತೆಗಿಯೋ ಕೆಲಸದಾಗ ನಂದು ಇದು ಒಂಬತ್ತನೇ ವರ್ಷ ರೀ. ಪೀಕ್ ಡಿಸೈನ್ ಕಂಪನಿದು ಸ್ಲೈಡ್ ಅನ್ನೋ ಈ ಕ್ಯಾಮೆರಾ ಸ್ಟ್ರ್ಯಾಪ್, ಅಂದ್ರ ಕ್ಯಾಮೆರಾ ತೂಗಹಾಕೋ ಪಟ್ಟಿ, ತಗೊಂಡು ನಾಕು ಬ್ಯಾಸಗಿ ಆದವು. ತಗೊಂಡ ವಾರಕ್ಕ ನೋಡಿದ್ರ ಎಲ್ಲಾ ಸ್ಟ್ರ್ಯಾಪೂ ಛಲೋನೇ ಕಾಣ್ತಾವ, ನಮ್ ಕಡಿ ಏಪ್ರಿಲ್ ಮೇ ದಾಟಿದ ಮ್ಯಾಲೆನೇ ಅದರ ಖರೆ ಗುಣ ತಿಳಿಯೋದು, ಅದಕ್ಕ ಇಷ್ಟು ದಿನ ತಡದು ಈಗ ಬರೀಲಾಕತ್ತೀನಿ.

ಮೊದಲ ತೂಕದ ಲೆಕ್ಕ ಹೇಳ್ತೀನಿ, ಅದು ಗೊತ್ತಿಲ್ದ ಸ್ಟ್ರ್ಯಾಪ್ ಮಾತಾಡಿ ಉಪಯೋಗಿಲ್ಲ. ನನ್ ಕ್ಯಾಮೆರಾ ಕ್ಯಾನನ್ ಫೈವ್ ಡಿ ಮಾರ್ಕ್ ಫೋರ್, ಬ್ಯಾಟರಿ ಕಾರ್ಡ್ ಹಾಕಿದ್ರ 890 ಗ್ರಾಂ. 24-70 ಲೆನ್ಸ್ 805 ಗ್ರಾಂ, ದೂರದ್ದು ತೆಗಿಯೋ ಹಳೇ 70-200 ಎಫ್ 2.8 ಲೆನ್ಸ್ ಅದರ ಸ್ಟ್ಯಾಂಡಿಗಿ ಕೂಡಿಸೋ ಬಳಿ (ಕಾಲರ್) ಬಿಟ್ಟು 1490 ಗ್ರಾಂ. ಅಂದ್ರ ದೊಡ್ಡ ಲೆನ್ಸ್ ಹಾಕಿದಾಗ ಹತ್ರ ಹತ್ರ 2.4 ಕಿಲೋ ಆಯ್ತು, ಮ್ಯಾಲೆ ಫ್ಲ್ಯಾಶ್ ಬ್ಯಾರೆ. ಇದನ್ನ ಮುಂಜಾನಿ ಅರಿಶಿಣ ಹಚ್ಚೋದ್ರಿಂದ ಹಿಡದು ಅಕ್ಕಿಕಾಳು, ಊಟ, ಸಂಜಿ ಮೆರವಣಿಗಿ, ರಾತ್ರಿ ರಿಸೆಪ್ಷನ್ ಮುಗಿಯೋತನಕ ಹೊತ್ಕೊಂಡು ತಿರುಗಬೇಕು, ಸೀಸನ್ನಾಗ ವಾರಕ್ಕ ನಾಕು ದಿನ ಹಿಂಗೇ.

ಶುರುವಿಗಿ ಎಲ್ಲರಂಗ ನಾನೂ ಡಬ್ಬಿಯೊಳಗ ಬಂದ ಸ್ಟ್ರ್ಯಾಪ್‌ನೇ ಕುತ್ತಿಗಿಗಿ ಹಾಕ್ಕೊಂಡು ಎರಡು ವರ್ಷ ತಳ್ಳಿದೆ. ಕುತ್ತಿಗಿಗಿ ಹಾಕಿದ್ರ ಪೂರಾ ತೂಕ ಕುತ್ತಿಗಿ ಹಿಂದಿನ ಎಲುಬಿನ ಮ್ಯಾಲೆ, ಅಂಗೈ ಅಗಲ ಜಾಗದಾಗ ಕುಂದರ್ತದ, ಮ್ಯಾಲಿಂದ ಕ್ಯಾಮೆರಾ ಎದಿ ಮುಂದ ತೂಗಿದ್ರ ತಲಿ ಮುಂದಕ್ಕ ಬಗ್ತದ, ಅದನ್ನ ಹಿಂದಕ್ಕ ಎಳದು ಹಿಡೀಲಾಕ ಹೆಗಲಿನ ಸ್ನಾಯು ದಿನಪೂರ್ತಿ ದುಡೀತಾವ. ರಾತ್ರಿ ಮನಿಗಿ ಬಂದು ಅಂಗಿ ತೆಗೆದ್ರ ಕೆಂಪನ ಗೆರಿ. ಅವ್ವ ಬಿಸಿನೀರಿನ ಬಟ್ಟಿ ಇಟ್ಟು "ಯಪ್ಪಾ, ಎತ್ತಿಗಿ ನೊಗ ಹೂಡಿದಂಗ ಆಗ್ಯದಲ್ಲೋ" ಅಂದಳು. ಆಕಿ ಆಡಿದ ಮಾತು ಖರೆ, ಆದ್ರ ನೊಗಾನೂ ಎತ್ತಿನ ಹೆಗಲ ಮ್ಯಾಲೇ ಇಡ್ತಾರ, ಕುತ್ತಿಗಿಗಿ ತೂಗಹಾಕಂಗಿಲ್ಲ.

ಆಮ್ಯಾಲೆ ಮೆತ್ತಗಿರೋದೇ ಆರಾಮ ಅಂತ ತಿಳದು ದಪ್ಪನೆಯ ನಿಯೋಪ್ರೀನ್ ಪಟ್ಟಿ ತಗೊಂಡೆ, ಕಂಪನಿ ಹೆಸರು ಬ್ಯಾಡ. ಅಂಗಡಿಯೊಳಗ ಎಸಿ ಗಾಳಿಗಿ ಹಾಕಿ ನೋಡಿದಾಗ ಹತ್ತಿ ದಿಂಬಿನಂಗ ಇತ್ತು, ನಡದ್ರ ಸ್ವಲ್ಪ ಜಗ್ಗಿ ಜಗ್ಗಿ ತೂಕ ಕಡಿಮಿ ಅನ್ನಿಸ್ತಿತ್ತು. ಚಳಿಗಾಲ ಸುಖಾ ಕೊಡ್ತು. ಮೇ ತಿಂಗಳು ಬಂದು ಬಿಸಲು 43 ಡಿಗ್ರಿ ಹತ್ತಿದ ಕೂಡಲೇ ಅದರ ಕತಿ ತಿಳೀತು. ಅದು ರಬ್ಬರ್ ನೊರಿ ರೀ, ಗಾಳಿ ಆಡಂಗಿಲ್ಲ, ಬೆವರು ಹೀರ್ಕೊಳ್ಳಂಗಿಲ್ಲ, ಒಳಗ ನಿಂತ ಬೆವರಿಗಿ ಚರ್ಮ ಕುದ್ದಂಗ ಆಗಿ ಬೆವರುಗುಳ್ಳಿ ಎದ್ದವು, ಒಣಗಿದ ಮ್ಯಾಲೆ ಬಿಳಿ ಉಪ್ಪಿನ ಗೆರಿ, ಆ ಉಪ್ಪು ಮರುದಿನ ಅದೇ ಗುಳ್ಳಿಗಿ ತಿಕ್ಕೋದು. ಎರಡನೇ ವರ್ಷಕ್ಕ ಹೊಲಿಗಿ ಹತ್ರ ಹರೀಲಾಕ ಶುರುವಾಯ್ತು. ಸೂಪರ್ ಮಾರ್ಕೆಟ್ ಕಡಿ ಚಪ್ಪಲಿ ಹೊಲಿಯೋ ಕಾಕಾರ ಹತ್ರ ಒಯ್ದೆ, ಅವರು ಪಟ್ಟಿ ಮಡಚಿ ನೋಡಿ "ಇದರಾಗ ದಾರ ಗಟ್ಟಿ ಅದ ತಮ್ಮಾ, ರಬ್ಬರಿಗಿ ಸೂಜಿ ತೂತು ಬಿದ್ದದಲ್ಲ, ಅಲ್ಲಿಂದ ಹರಿದದ. ಭಾರ ಹೊರೋದು ಪಟ್ಟಿ ಆಗಬೇಕು, ಮೆತ್ತಂದು ಅದರ ಕೆಳಗ ಇರಬೇಕು" ಅಂದ್ರು. ಅವತ್ತಿನಿಂದ ಯಾವ ಸ್ಟ್ರ್ಯಾಪ್ ಕೈಗಿ ಬಂದ್ರೂ ನಾ ಮೊದಲ ನೋಡೋದು ಇದನ್ನೇ, ನೈಲಾನ್ ಪಟ್ಟಿ ಈ ತುದಿಯಿಂದ ಆ ತುದಿತನಕ ಒಂದೇ ಓಟದಾಗ ಹೋಗ್ಯದೋ, ಇಲ್ಲಾ ನಡುವ ಬರೇ ಫೋಮ್‌ಗೆ ಹೊಲಿದು ಬಿಟ್ಟಾರೋ.

ಮೂರನೇದು ಕ್ಯಾಮೆರಾ ತಳದಾಗ ಟ್ರೈಪಾಡ್ (ಮೂರು ಕಾಲಿನ ಸ್ಟ್ಯಾಂಡ್) ಕೂಡಿಸೋ ತೂತಿಗಿ ಸ್ಕ್ರೂ ಹಾಕಿ ಕ್ಯಾಮೆರಾ ತಲಿಕೆಳಗ ಮಾಡಿ ಸೊಂಟದ ಹತ್ರ ತೂಗಹಾಕೋ ಸ್ಲಿಂಗ್. ಆರಾಮದಾಗ ಇದು ಮೊದಲಿನ ಎರಡಕ್ಕಿಂತ ಎಷ್ಟೋ ಮೇಲು, ಅಡ್ಡ ಹಾಕ್ಕೊಂಡ ಮ್ಯಾಲೆ ಕುತ್ತಿಗಿ ನೋವು ಅರ್ಧಕ್ಕರ್ಧ ಹೋಯ್ತು. ಆದ್ರ ಆ ಕಾಲಿಂಚಿನ ಸ್ಕ್ರೂ, ನಡ್ಯೋವಾಗ ಕ್ಯಾಮೆರಾ ಹಿಂದ ಮುಂದ ತೂಗಿ ತೂಗಿ ತಾನೇ ಸಡ್ಲಾಗ್ತದ. ಶರಣಬಸವೇಶ್ವರ ಜಾತ್ರಿಯೊಳಗ ತೇರು ಎಳಿಯೋ ಹೊತ್ತು, ನಾಕೂ ಕಡಿಯಿಂದ ಮಂದಿ ನೂಕ್ತಾರ, ಮ್ಯಾಲಿಂದ ಉತ್ತತ್ತಿ ಬಾಳೆಹಣ್ಣು ಬೀಳ್ತಾವ, ಅಂಥಾದ್ರಾಗ ಕೈ ಹಾಕಿ ನೋಡಿದ್ರ ಸ್ಕ್ರೂ ಇನ್ನೊಂದೇ ಸುತ್ತಿನ ಮ್ಯಾಲೆ ನಿಂತದ. ಎದಿ ಝಲ್ ಅಂತು. ಕ್ಯಾಮೆರಾ ಬಿದ್ದಿಲ್ಲ, ಖರೆ, ಆದ್ರ ಆ ಸಂಜಿ ಪೂರ್ತಿ ಒಂದು ಕೈ ಕ್ಯಾಮೆರಾ ಕೆಳಗೇ ಇತ್ತು. ಈಗಲೂ ಆ ನಮೂನಿ ಸ್ಲಿಂಗ್ ಹಾಕೋರಿಗಿ ನನ್ನ ಮಾತು, ಮುಂಜಾನಿ ಒಮ್ಮೆ ಮಧ್ಯಾಹ್ನ ಒಮ್ಮೆ ಸ್ಕ್ರೂ ಬಿಗಿ ಮಾಡ್ರಿ, ಕ್ಯಾಮೆರಾ ಕಿವಿಗಿ, ಅಂದ್ರ ಪಟ್ಟಿ ಸಿಗಿಸೋ ಬಳಿಗಿ, ಇನ್ನೊಂದು ಸಣ್ಣ ಸೇಫ್ಟಿ ದಾರ ಕಟ್ಟೇ ಕಟ್ರಿ.

ಈಗ ಸ್ಲೈಡ್‌ಗೆ ಬರ್ತೀನಿ. ನಂಗ ಬಿದ್ದ ರೊಕ್ಕ ಇಲ್ಲಿ ಮದುವಿಗಿ ಸೆಕೆಂಡ್ ಕ್ಯಾಮೆರಾ ಹುಡುಗಗ ಎರಡು ದಿನಕ್ಕ ಕೊಡೋ ಅಷ್ಟು, ಒಂದು ಪಟ್ಟಿಗಿ ಇಷ್ಟ್ಯಾಕ ಅಂತ ಮನಿಯಾಗೂ ಕೇಳಿದ್ರು. ಕಾರಿನ ಸೀಟ್ ಬೆಲ್ಟ್ ಇರ್ತದಲ್ಲ, ಅದೇ ನಮೂನಿ ನುಣ್ಣನೆಯ ನೈಲಾನ್ ನೇಯ್ಗಿ, 45 ಮಿಲಿಮೀಟರ್ ಅಗಲ, ಒಳಗ ತೆಳ್ಳಗ ಪ್ಯಾಡಿಂಗ್. ಮುಟ್ಟಿ ನೋಡಿದ್ರ ಮೆತ್ತಗ ಅನ್ನಿಸಂಗಿಲ್ಲ, ಅಂಗಡಿಯಾಗ ಕೈಲೆ ಒತ್ತಿ ನೋಡೋರು ಇದನ್ನ ಅಲ್ಲೇ ಇಟ್ಟು ಹೋಗ್ತಾರ. ಆದ್ರ ಆರಾಮ ಇರೋದು ಮೆತ್ತಗಿನಾಗ ಅಲ್ಲ, ಅಗಲದಾಗ ಅದ. ಅಗಲ ಹೆಚ್ಚಾದಂಗ ತೂಕ ಹಂಚಿ ಹೋಗ್ತದ, ದಪ್ಪ ಹೆಚ್ಚಾದಂಗ ಬರೇ ಕಾವು ಹೆಚ್ಚಾಗ್ತದ, ನಮ್ಮಂಥ ಬಿಸಲೂರಾಗ ಈ ಎರಡರ ಫರಕು ಗೊತ್ತಿರಬೇಕು. ತೆಳ್ಳಗಿನ ಪಟ್ಟಿ ಹತ್ತಿ ಅಂಗಿ ಮ್ಯಾಲೆ ಅಡ್ಡ ಕುಂತ್ರ ಬೆವರನ್ನ ಅಂಗಿ ಹೀರ್ತದ, ಪಟ್ಟಿ ಬಲ್ಲಿ ನಿಲ್ಲಂಗಿಲ್ಲ. ನಾಕು ಬ್ಯಾಸಗಿಯಾಗ ನಂಗ ಒಂದು ಸಲನೂ ಹೆಗಲ ಮ್ಯಾಲೆ ಗುಳ್ಳಿ ಎದ್ದಿಲ್ಲ.

ಪಟ್ಟಿಗಿ ಎರಡು ಮುಖ ಅವ. ಒಂದು ಪೂರಾ ನುಣುಪು, ಇನ್ನೊಂದ್ರ ಮ್ಯಾಲೆ ಜಾರದಂಗ ಸಿಲಿಕೋನ್ ಗೆರಿ ಹಾಕ್ಯಾರ. ಅಡ್ಡ ಹಾಕ್ಕೊಂಡಾಗ ನುಣುಪು ಕಡಿ ಮೈಗಿ ಬರಬೇಕು, ಆಗ ಸೊಂಟದಿಂದ ಕಣ್ಣಿಗಿ ಕ್ಯಾಮೆರಾ ಎತ್ತಿದ್ರ ಅಂಗಿ ಜಗ್ಗದಂಗ ಸರ್ರಂತ ಜಾರಿ ಬರ್ತದ, ತಾಳಿ ಕಟ್ಟೋ ಹೊತ್ನಾಗ ಆ ಅರ್ಧ ಸೆಕೆಂಡಿನ ಬೆಲಿ ನಮ್ ಕೆಲಸದೋರಿಗಿ ಗೊತ್ತು. ಒಂದೇ ಹೆಗಲಿಗಿ ನೇತಾಕೋದಿದ್ರ ತಿರುವಿ ಸಿಲಿಕೋನ್ ಕಡಿ ಕೆಳಗ ಮಾಡ್ಕೋಬೇಕು. ಇದನ್ನ ಉಲ್ಟಾ ಹಾಕ್ಕೊಂಡು "ಜಾರ್ತದ" ಇಲ್ಲಾ "ಜಗ್ತದ" ಅಂತ ಬೈಯೋರನ್ನ ಭಾಳ ಮಂದಿನ್ನ ನೋಡೀನಿ.

ಉದ್ದ ಹೆಚ್ಚು ಕಡಿಮಿ ಮಾಡೋ ಹಿಡಿಕಿ ಎರಡೂ ಕಡಿ ಅದಾವ, ಬೆರಳು ಹಾಕಿ ಎತ್ತಿ ಜಗ್ಗಿದ್ರ ಆಯ್ತು. ಇದನ್ನ ನಾ ಆರಾಮಕ್ಕಷ್ಟೇ ಅಲ್ಲ, ಕೈ ನಡುಗದಂಗ ಹಿಡೀಲಾಕನೂ ಬಳಸ್ತೀನಿ. ನಮ್ ಕೋಟಿಯೊಳಗಿನ ಜಾಮಿ ಮಸೀದಿ ನೋಡಿದೋರಿಗಿ ಗೊತ್ತಿರ್ತದ, 1367ರದ್ದು, ಬ್ಯಾರೆ ಮಸೀದಿಯಂಗ ನಡುವ ಬಯಲು ಅಂಗಳಾನೇ ಇಲ್ಲ, ಪೂರಾ ಮ್ಯಾಲೆ ಮುಚ್ಚಿದ್ದು, ಕಮಾನಿನ ಒಳಗ ಕಮಾನು, ಬೆಳಕು ಬಗಲಿನಿಂದ ಅಷ್ಟೇ ಬರ್ತದ. ಆದಿತ್ಯವಾರ ಕೆಲಸ ಇಲ್ಲದಾಗ ನಾ ಅಲ್ಲಿ ಹೋಗ್ತೀನಿ. ಟ್ರೈಪಾಡ್ ಒಯ್ಯಂಗಿಲ್ಲ, ಸ್ಟ್ರ್ಯಾಪ್ ಗಿಡ್ಡ ಮಾಡಿ ಕ್ಯಾಮೆರಾ ಮುಂದಕ್ಕ ದೂಡಿ ಪಟ್ಟಿ ಬಿಗಿ ಆಗೋವಂಗ ಹಿಡದು, ಉಸುರು ಬಿಟ್ಟು ಒತ್ತಿದ್ರ ಶಟರ್ 1/15 ಸೆಕೆಂಡ್ ತೆರದಿದ್ರೂ ಕಮಾನಿನ ಅಂಚು ಚೊಕ್ಕ ಬರ್ತದ.

ಕ್ಯಾಮೆರಾಕ್ಕ ಕೂಡಿಸೋದು ಆ್ಯಂಕರ್ ಅನ್ನೋ ಸಣ್ಣ ಗುಂಡಿ, ಅದಕ್ಕೊಂದು ಸಣ್ಣ ದಾರ. ಒತ್ತಿದ್ರ ಕಟ್ ಅಂತ ಬಿಡ್ತದ, ದೂಡಿದ್ರ ಕೂಡ್ತದ, ಅಂದ್ರ ವಿಡಿಯೋ ಅಲುಗದಂಗ ಹಿಡಿಯೋ ಗಿಂಬಲ್ ಮ್ಯಾಲೆ ಕ್ಯಾಮೆರಾ ಇಡೋವಾಗ ಪಟ್ಟಿ ನಡುವ ಸಿಕ್ಕೊಳ್ಳೋ ತ್ರಾಸ ಇಲ್ಲ. ಅಷ್ಟು ಸಣ್ಣ ದಾರ ನೋಡಿ ಅಂಜಿಕಿ ಬರೋದು ಸಹಜ, ನಂಗೂ ಬಂದಿತ್ತು. ಕಂಪನಿಯೋರು ಹೇಳೋದು 90 ಕಿಲೋ ತಾಳ್ತದ ಅಂತ. ಅದಕ್ಕಿಂತ ನಂಗ ಸೇರಿದ್ದು ಬ್ಯಾರೆ, ಹೊರಗಿನ ಕಪ್ಪು ಪದರ ಸವೆದ್ರ ಒಳಗಿನ ಹಳದಿ ಎಳಿ ಕಾಣ್ತದ, ಇನ್ನೂ ಸವೆದ್ರ ಕೆಂಪು, ಅಂದ್ರ ಹರಿಯೋಕಿಂತ ಮೊದಲೇ ಬದಲಿ ಮಾಡು ಅಂತ ತಾನೇ ಹೇಳ್ತದ. ಒಂದು ಎಚ್ಚರಿಕಿ, ನೋಡ್ಲಾಕ ಥೇಟ್ ಇದೇ ನಮೂನಿ ನಕಲಿ ಗುಂಡಿ ಸಂತಿಯಾಗ ಸಸ್ತಾ ಸಿಗ್ತಾವ, ಜೀವದಂಗ ನೋಡ್ಕೊಂಡ ಕ್ಯಾಮೆರಾನ ಅದಕ್ಕ ನೇತಾಕಬ್ಯಾಡ್ರಿ.

ದೊಡ್ಡ ಲೆನ್ಸ್ ಇದ್ದೋರು ಇದನ್ನ ತಪ್ಪದೇ ಮಾಡ್ರಿ. 70-200 ಹಾಕಿದಾಗ ಎರಡೂ ಗುಂಡಿ ಕ್ಯಾಮೆರಾ ಕಿವಿಗೇ ಹಾಕಿದ್ರ ಒಂದೂವರಿ ಕಿಲೋ ಲೆನ್ಸ್ ದಿನಪೂರ್ತಿ ಮೌಂಟ್ (ಕ್ಯಾಮೆರಾಕ್ಕ ಲೆನ್ಸ್ ಕೂಡೋ ಜಾಗ) ಮ್ಯಾಲೆ ಜಗ್ತದ. ನಾ ಒಂದು ಗುಂಡಿನ ಲೆನ್ಸಿನ ಕಾಲಿಗಿ, ಅಂದ್ರ ಆ ಕಾಲರ್‌ನ ಪಾದಕ್ಕ, ಹಾಕ್ತೀನಿ, ಇನ್ನೊಂದು ಕ್ಯಾಮೆರಾಕ್ಕ. ಆಗ ಲೆನ್ಸ್ ಕೆಳಮುಖ ಆಗಿ ತೊಡಿಗಿ ಒರಗಿ ಕುಂದರ್ತದ, ಮಂದಿಯೊಳಗ ನುಗ್ಗೋವಾಗ ಯಾರ ಮಗುವಿನ ತಲಿಗೂ ಬಡ್ಯಂಗಿಲ್ಲ.

ಇದು ಎಲ್ಲಾರಿಗೂ ಹೊಂದ್ತದ ಅಂತ ಹೇಳಂಗಿಲ್ಲ. ಎರಡು ಕ್ಯಾಮೆರಾ ಕೂಡೇ ಹಾಕ್ಕೊಂಡು ಓಡಾಡೋರಿಗಿ ಎರಡೂ ಹೆಗಲಿನ ಹಾರ್ನೆಸ್ ಬೇಕು. ನಮ್ ಟೀಮಿನಾಗ ಹೆಣ್ಮಕ್ಕಳ ಕಡಿ ಫೋಟೋ ತೆಗಿಯೋ ತಂಗಿ ಒಬ್ಬಾಕಿ ಅದಾಳ, ಆಕಿ ಬಲ್ಲಿ ಸೋನಿ ಎ ಸೆವೆನ್ ತ್ರೀ, ಬಾಡಿ 650 ಗ್ರಾಂ ಅಷ್ಟೇ, ನನ್ ಪಟ್ಟಿ ಹಾಕಿ ನೋಡಿ "ಅಣ್ಣಾ ಇದು ನಂಗ ಭಾಳ ಅಗಲ ಆಯ್ತು, ಕುತ್ತಿಗಿ ಬಗಲಿಗಿ ಅಂಚು ಹತ್ತಲಾಕತ್ತದ" ಅಂದ್ಲು. ಆಕಿಗಿ ಅದೇ ಕಂಪನಿದು 32 ಮಿಲಿಮೀಟರಿನ ಸ್ಲೈಡ್ ಲೈಟ್ ಸರಿ ಹೋಯ್ತು. ಹೆಗಲು ಸಣ್ಣದಿದ್ದು ಕ್ಯಾಮೆರಾ ಹಗುರ ಇದ್ರ ಸಣ್ಣದೇ ತಗೋರಿ.

ತಗೊಳ್ಳೋಕಿಂತ ಮೊದಲ ನೋಡೋ ರೀತಿ ಒಂದು ಹೇಳ್ತೀನಿ, ನನ್ ಹತ್ರ ಕಲೀಲಾಕ ಬರೋ ಹುಡುಗರಿಗಿ ಇದೇ ಮಾಡಸ್ತೀನಿ. ಯಾರದಾದ್ರೂ ಸ್ಟ್ರ್ಯಾಪ್ ಕೇಳಿ ಇಸ್ಕೊಂಡು, ಕೈಚೀಲದಾಗ ನಿಮ್ ಕ್ಯಾಮೆರಾದ ತೂಕದಷ್ಟು ಜ್ವಾಳ ಹಾಕಿ ಅದಕ್ಕ ತೂಗಹಾಕಿ, ಮಧ್ಯಾಹ್ನ ಎರಡಕ್ಕ ಮನಿ ಮಾಳಗಿ ಮ್ಯಾಲೆ ಅರ್ಧ ತಾಸು ತಿರುಗ್ರಿ, ಹತ್ತು ಸಲ ಬಗ್ಗಿ ಏಳ್ರಿ. ಚೀಲ ಸೊಂಟದ ಎಲುಬಿನ ಮಟ್ಟಕ್ಕ ಇರಬೇಕು, ಅದಕ್ಕಿಂತ ಕೆಳಗಿದ್ರ ತೊಡಿಗಿ ಬಡೀತದ, ಮ್ಯಾಲಿದ್ರ ಮೊಳಕೈಗಿ ಅಡ್ಡ ಬರ್ತದ. ಅರ್ಧ ತಾಸಿಗಿ ಎಲ್ಲಿ ಉರೀತದೋ ಅಲ್ಲೇ ಹತ್ತು ತಾಸಿಗಿ ಗುಳ್ಳಿ ಏಳ್ತದ.

ತೊಳಿಯೋ ವಿಷಯ. ವಾರಕ್ಕೊಮ್ಮೆ ಉಗುರುಬೆಚ್ಚನ ನೀರಾಗ ಸ್ವಲ್ಪ ಶಾಂಪೂ ಹಾಕಿ ಅದ್ದಿ, ಉಪ್ಪು ಬಿಡಿಸಿ ನೆರಳಾಗ ಒಣಗಸ್ತೀನಿ. ಅರಿಶಿಣದ ಕಲಿ ಬಿದ್ರ ಬಟ್ಟಿ ಸಬಕಾರ ಹಚ್ಚಬ್ಯಾಡ್ರಿ, ಸಬಕಾರದ ಕ್ಷಾರಕ್ಕ ಅರಿಶಿಣ ಕೆಂಪಾಗ್ತದ, ನೋಡಿ ಗಾಬರಿ ಆಗೋದು ಬ್ಯಾಡ. ಒದ್ದಿ ಇದ್ದಾಗ ಒಂದು ತಾಸು ಬಿಸಲಿಗಿ ಹಿಡದ್ರ ಹಳದಿ ತಾನೇ ಮಾಸ್ತದ, ಆದ್ರ ದಿನಗಟ್ಟಲೆ ಬಿಸಲಿಗಿ ಬಿಟ್ರ ನೈಲಾನ್ ಜೀವ ಕಳ್ಕೊಳ್ತದ. ಬೂದಿಬಣ್ಣದ್ದು ತಗೊಳ್ಳೋಕಿಂತ ಕಪ್ಪು ತಗೊಂಡಿದ್ದು ಈ ವಿಷಯದಾಗ ಉಪಯೋಗ ಆಯ್ತು.

ನಾಕು ವರ್ಷಕ್ಕ ನನ್ ಪಟ್ಟಿ ಹೆಗಲ ಮ್ಯಾಲೆ ಕುಂದರೋ ಜಾಗದಾಗ ಸ್ವಲ್ಪ ಮಿಂಚು ಕಳಕೊಂಡದ, ಹೊಲಿಗಿ ಒಂದೂ ಬಿಚ್ಚಿಲ್ಲ. ಹೋದ ತಿಂಗಳು ಬೀದರ್‌ನಾಗ ಒಂದು ಮದುವಿ ಮುಗಿಸಿ ಮರುದಿನ ಮುಂಜಾನಿ ಅಷ್ಟೂರಿನ ಗುಂಬಜ್ ನೋಡ್ಲಾಕ ಹೋದಾಗ ಬಲಗಡಿ ಗುಂಡಿ ದಾರದಾಗ ಹಳದಿ ಎಳಿ ಕಣ್ಣಿಗಿ ಬಿತ್ತು, ಅಲ್ಲೇ ಕಟ್ಟಿ ಮ್ಯಾಲೆ ಕುಂತು ತೆಗೆದು ಹೊಸಾದು ಹಾಕಿದೆ, ಜೊತಿಗಿ ಬಂದ ಎಕ್ಸ್‌ಟ್ರಾ ಗುಂಡಿಯೊಳಗ ಇನ್ನೊಂದು ಉಳಿದದ, ಅದನ್ನ ಬ್ಯಾಗಿನ ಸಣ್ಣ ಕಿಸೆಯೊಳಗ ಇಟ್ಟೀನಿ.