ರಾಸ್ಟ್ರೊಪೊವಿಚ್ ನಿರ್ದೇಶನದ ಚೈಕೋವ್ಸ್ಕಿ ಬ್ಯಾಲೆ ಸೂಟ್‌ಗಳು: ಕೇಳಿ, ಆದರೆ ಒಂದು ತಕರಾರಿದೆ

ಸೂಟ್ ಅಂದರೆ ಇಡೀ ಕೃತಿಯಿಂದ ಆರಿಸಿ ಜೋಡಿಸಿದ ತುಣುಕುಗಳ ಗುಚ್ಛ. ಇಲ್ಲಿರುವುದು ರಷ್ಯಾದ ಸಂಗೀತ ರಚನಕಾರ ಚೈಕೋವ್ಸ್ಕಿ ಬ್ಯಾಲೆಗೆ, ಅಂದರೆ ಕಥೆ ಹೇಳುವ ನೃತ್ಯಕ್ಕೆ, ಬರೆದ ಸಂಗೀತ. ಮೂರು ಬ್ಯಾಲೆ, ಒಂದೇ ಸಿಡಿ: ಸ್ವಾನ್ ಲೇಕ್, ಸ್ಲೀಪಿಂಗ್ ಬ್ಯೂಟಿ, ನಟ್‌ಕ್ರ್ಯಾಕರ್. ನುಡಿಸಿದ್ದು ಬರ್ಲಿನ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ, 1970ರ ದಶಕದ ಕೊನೆಯಲ್ಲಿ ಡಾಯ್ಚ ಗ್ರಾಮಫೋನ್ ಎಂಬ ರೆಕಾರ್ಡ್ ಕಂಪನಿಗಾಗಿ. ಸ್ಟ್ರೀಮಿಂಗ್‌ನಲ್ಲೂ ಸಿಗುತ್ತದೆ. ರಾಸ್ಟ್ರೊಪೊವಿಚ್ ಮೊದಲು ಚೆಲ್ಲೋ (ಪಿಟೀಲಿನ ಜಾತಿಯ, ತಗ್ಗಿನ ದನಿಯ ದೊಡ್ಡ ವಾದ್ಯ) ವಾದಕರು, ಆಮೇಲೆ ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್. ಕೇಳುವಾಗ ಅದು ಗೊತ್ತಾಗುತ್ತದೆ.

ಸ್ವಾನ್ ಲೇಕ್‌ನ ಓಬೋ (ಊದುವ ವಾದ್ಯ) ಟ್ಯೂನ್ ನೀವು ಎಲ್ಲೋ ಒಂದು ಕಡೆ ಕೇಳಿಯೇ ಇರುತ್ತೀರಿ. ನಾನು ಕಾಯುವುದು ಹಂಸವಾದ ಹುಡುಗಿ ಓಡೆಟ್ ಮತ್ತು ರಾಜಕುಮಾರನ ದೃಶ್ಯಕ್ಕೆ. ಹಾರ್ಪ್ ಎಂಬ ತಂತಿವಾದ್ಯ ಹಾಗೇ ಓಡಾಡಿ ದಾರಿ ಮಾಡಿಕೊಡುತ್ತದೆ, ಒಂಟಿ ಪಿಟೀಲು ಶುರು ಮಾಡಿ ಸುಮಾರು ಹೊತ್ತು ತಾನೊಂದೇ ಹಾಡಿಕೊಳ್ಳುತ್ತದೆ, ಕೊನೆಗೆ ಅದೇ ಟ್ಯೂನನ್ನು ಚೆಲ್ಲೋ ಎತ್ತಿಕೊಂಡಾಗ ಪಿಟೀಲು ಬಿಟ್ಟುಹೋಗದೆ ಅದರ ಮೇಲೆ ಸುತ್ತುತ್ತಲೇ ಇರುತ್ತದೆ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಷಫಲ್ ಆಫ್ ಮಾಡಿ, ದಯವಿಟ್ಟು.

ಸ್ಲೀಪಿಂಗ್ ಬ್ಯೂಟಿಯಲ್ಲಿ ನನ್ನ ಮೆಚ್ಚಿನದು ಪನೋರಮಾ. ಲೈಲಾಕ್ ಫೇರಿ ಎಂಬ ಒಳ್ಳೆಯ ಕಿನ್ನರಿ ರಾಜಕುಮಾರನನ್ನು ದೋಣಿಯಲ್ಲಿ ಅರಮನೆಗೆ ಕರೆದೊಯ್ಯುವಾಗಿನ ಸಂಗೀತ ಇದು. ಇದರಲ್ಲಿ ಏನೂ ನಡೆಯುವುದಿಲ್ಲ, ದೋಣಿ ತೇಲುತ್ತದೆ, ಅಷ್ಟೇ. ಆದರೂ ಮುಗಿಯುವುದೇ ಬೇಡ ಅನಿಸುತ್ತದೆ. ಓಬೋ, ಇನ್ನೊಂದು ಊದುವ ವಾದ್ಯ ಬಸೂನ್ ಸೇರಿ ಮಿಯಾಂವ್ ಅನ್ನುವ ಬೆಕ್ಕುಗಳ ತುಣುಕು ಮಕ್ಕಳಿಗೆ ಹಾಕಿ ನೋಡಿ. ಕೆಲವು ಕಡೆ ಗತಿ ನಿಧಾನ ಅನ್ನುವವರಿದ್ದಾರೆ. ಇರಬಹುದು. ಕುಣಿಯುವವರಿಗೆ ಕಷ್ಟ ಆದೀತು, ಆದರೆ ಸೂಟ್ ಇರುವುದೇ ಕೂತು ಕೇಳುವವರಿಗೆ ಅಲ್ವಾ?

ತಕರಾರು ನಟ್‌ಕ್ರ್ಯಾಕರ್ ಬಗ್ಗೆ. ನುಡಿಸಿದವರದು ಏನೂ ತಪ್ಪಿಲ್ಲ, ಸೂಟ್ ಕಟ್ಟಿರುವುದೇ ಹಾಗೆ. ಉಳಿದ ಎರಡು ಸೂಟ್‌ಗಳು ಚೈಕೋವ್ಸ್ಕಿ 1893ರಲ್ಲಿ ತೀರಿಕೊಂಡ ಮೇಲೆ ಬಂದವು. ಇದನ್ನು ಮಾತ್ರ ಅವರೇ ಆರಿಸಿದ್ದು. 1892ರ ಮಾರ್ಚ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವರ ಕಾರ್ಯಕ್ರಮ ಇತ್ತು, ಅದಕ್ಕೆ ಅಂದುಕೊಂಡಿದ್ದ 'ವೊಯೆವೋಡಾ' ಎಂಬ ಆರ್ಕೆಸ್ಟ್ರಾ ಕೃತಿಯನ್ನು ಮಾಸ್ಕೋದಲ್ಲಿ ಒಮ್ಮೆ ನುಡಿಸಿದ ಮೇಲೆ ಅವರಿಗೇ ಹಿಡಿಸದೆ ಹಾಳು ಮಾಡಿಬಿಟ್ಟಿದ್ದರು, ಬ್ಯಾಲೆ ರಂಗಕ್ಕೆ ಬರುವುದು ಡಿಸೆಂಬರ್‌ಗೆ, ಹಾಗಾಗಿ ಅದರಿಂದಲೇ ಒಂದಷ್ಟು ತುಣುಕು ತೆಗೆದು ಸೂಟ್ ಮಾಡಿದರು. ಅದರಲ್ಲಿನ ಶುಗರ್ ಪ್ಲಮ್ ಫೇರಿಯ ಕುಣಿತದಲ್ಲಿ ಕೇಳುವ ಗಂಟೆಯಂಥ ನಾದ ಸೆಲೆಸ್ಟಾ ಎಂಬ ಕೀಲಿಮಣೆ ವಾದ್ಯದ್ದು. ಪ್ಯಾರಿಸ್‌ನಲ್ಲಿ ಕಂಡ ಆ ವಾದ್ಯದ ಸುದ್ದಿ ರಷ್ಯಾದ ಇತರ ರಚನಕಾರರಾದ ರಿಮ್ಸ್ಕಿ-ಕೊರ್ಸಕೋವ್‌ಗೂ ಗ್ಲಜುನೋವ್‌ಗೂ ತಿಳಿಯಬಾರದು ಅಂತ ಪ್ರಕಾಶಕರಿಗೆ ಪತ್ರ ಬರೆದಿದ್ದರು! ಇಲ್ಲಿ ಅದಕ್ಕೆ ಬಾಸ್ ಕ್ಲಾರಿನೆಟ್ ಕೆಳಗಿಂದ ಕೊಡುವ ಉತ್ತರವೂ ಚೆನ್ನಾಗಿ ಕೇಳಿಸುತ್ತದೆ.

ಆದರೆ ಸೂಟ್ ಮುಗಿಯುವುದು 'ಹೂಗಳ ವಾಲ್ಟ್ಸ್' ಎಂಬ ಕುಣಿತದ ಸಂಗೀತಕ್ಕೆ. ಪೂರ್ತಿ ಬ್ಯಾಲೆಯಲ್ಲಿ ಅದರ ಬೆನ್ನಿಗೇ ಬರುವುದು ಪಾ ದ ದೂ (ಇಬ್ಬರ ನೃತ್ಯ), ಹಾರ್ಪ್ ಜೊತೆ ಚೆಲ್ಲೋಗಳು ಒಂದೊಂದೇ ಸ್ವರ ಇಳಿಯುತ್ತಾ ಬರುವ ಆ ಟ್ಯೂನ್. ನನ್ನ ಪ್ರಕಾರ ಇಡೀ ಬ್ಯಾಲೆಯ ಜೀವ ಅದು. ಅದೇ ಇಲ್ಲ! ಊಟಕ್ಕೆ ಕರೆದು ಪಾಯಸ ಬರುವ ಹೊತ್ತಿಗೆ ಎಲೆ ಎತ್ತಿದ ಹಾಗೆ. ಮೊದಲಲ್ಲಿ ಬರುವ ಪುಟ್ಟ ಓವರ್ಚರ್‌ನಲ್ಲೂ ಚೆಲ್ಲೋ, ಡಬಲ್ ಬಾಸ್ ಎರಡೂ ಇಲ್ಲ. ರಾಸ್ಟ್ರೊಪೊವಿಚ್ ಅಂಥ ಚೆಲ್ಲೋ ವಾದಕರ ಕೈಗೆ ಇಂಥ ಸೂಟ್!

ನಾನು ಪ್ಲೇಲಿಸ್ಟ್‌ನಲ್ಲಿ ವಾಲ್ಟ್ಸ್ ಆದಮೇಲೆ ಬೇರೊಂದು ಪೂರ್ತಿ ನಟ್‌ಕ್ರ್ಯಾಕರ್ ರೆಕಾರ್ಡಿಂಗ್‌ನಿಂದ 14ನೇ ನಂಬರ್, ಅಂದರೆ ಆ ಪಾ ದ ದೂ, ಸೇರಿಸಿಕೊಂಡಿದ್ದೇನೆ. ಬೇರೆ ಆರ್ಕೆಸ್ಟ್ರಾ, ಬೇರೆ ಹಾಲ್, ಸೌಂಡ್ ಸ್ವಲ್ಪ ಹೊಂದುವುದಿಲ್ಲ. ಪರವಾಗಿಲ್ಲ.