ಪ್ರವೇಶ ಅರ್ಜಿಯ ಫೈಲುಗಳಿಗೆ ಕ್ಲ್ಯಾಮ್‌ಎವಿ ಕಾವಲು: ಎರಡು ವರ್ಷ ಬಳಸಿದ ಮೇಲೆ

ರಾಯಚೂರಿನ ನಮ್ಮ ಕಾಲೇಜಿನ ಪ್ರವೇಶ ಅರ್ಜಿಯ ಜಾಲತಾಣವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಫಲಿತಾಂಶ ಬಂದ ಮೇಲೆ ಮಾನ್ವಿ, ಸಿಂಧನೂರು, ಲಿಂಗಸುಗೂರು, ದೇವದುರ್ಗದ ಕಡೆಯ ವಿದ್ಯಾರ್ಥಿಗಳು ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, 371(ಜೆ) ಪ್ರಮಾಣಪತ್ರ, ಆಧಾರ್ ಪ್ರತಿ, ಭಾವಚಿತ್ರ ಎಲ್ಲವನ್ನೂ ಅದರಲ್ಲಿ ಅಪ್‌ಲೋಡ್ ಮಾಡುತ್ತಾರೆ. ಬಹಳಷ್ಟು ಮಂದಿ ಈ ಕೆಲಸವನ್ನು ಮಾಡಿಸಿಕೊಳ್ಳುವುದು ಊರಿನ ಝೆರಾಕ್ಸ್ ಅಂಗಡಿಯಲ್ಲಿ, ದಿನಕ್ಕೆ ಹತ್ತಾರು ಜನರ ಪೆನ್‌ಡ್ರೈವ್ ಹಾಕಿ ತೆಗೆಯುವ ಕಂಪ್ಯೂಟರಿನಲ್ಲಿ. ಹಾಗೆ ಬಂದ ಪ್ರತಿಯೊಂದು ಫೈಲನ್ನೂ ನಮ್ಮ ಕಚೇರಿಯ ಗುಮಾಸ್ತರು ತೆರೆದು ನೋಡಲೇಬೇಕು. ಅವರ ಕೈಗೆ ಹೋಗುವ ಮುನ್ನ ಫೈಲನ್ನು ತಪಾಸಣೆ ಮಾಡಲೆಂದು ನಾವು ಸರ್ವರಿನಲ್ಲಿ ಕ್ಲ್ಯಾಮ್‌ಎವಿಯನ್ನು ಅಳವಡಿಸಿಕೊಂಡೆವು.

ಕ್ಲ್ಯಾಮ್‌ಎವಿ ಉಚಿತವಾಗಿ ಸಿಗುವ, ಮುಕ್ತ ಆಕರದ ವೈರಸ್ ಶೋಧಕ. 2002ರಲ್ಲಿ ಆರಂಭವಾದ ಇದು 2007ರಲ್ಲಿ ಸೋರ್ಸ್‌ಫೈರ್ ಕಂಪನಿಗೆ ಸೇರಿತು; 2013ರಲ್ಲಿ ಆ ಕಂಪನಿಯನ್ನು ಸಿಸ್ಕೊ ಕೊಂಡುಕೊಂಡ ಮೇಲೆ ಸಿಸ್ಕೊದ ಸೈಬರ್ ಭದ್ರತೆಯ ವಿಭಾಗವಾದ ಟಾಲೋಸ್ ಇದನ್ನು ನಡೆಸಿಕೊಂಡು ಬರುತ್ತಿದೆ. ಲೈಸೆನ್ಸಿಗೆ ಹಣ ಮಂಜೂರು ಮಾಡಿಸುವುದೇ ದೊಡ್ಡ ಕೆಲಸವಾಗಿರುವ ನಮ್ಮಂಥ ಕಾಲೇಜಿಗೆ ಇದು ನಿಜಕ್ಕೂ ಉಪಕಾರ.

ಇದನ್ನು ಬಳಸಲು ಎರಡು ದಾರಿಗಳಿವೆ. ಕ್ಲ್ಯಾಮ್‌ಸ್ಕ್ಯಾನ್ ಎಂಬ ಆಜ್ಞೆಯು ಪ್ರತಿ ಸಲವೂ ವೈರಸ್ ಗುರುತುಗಳ ಸಂಗ್ರಹವನ್ನು ಮೊದಲಿನಿಂದ ಓದಿಕೊಳ್ಳುವುದರಿಂದ, ಒಂದು ಚಿಕ್ಕ ಭಾವಚಿತ್ರಕ್ಕೂ ವಿದ್ಯಾರ್ಥಿ ಹಲವು ಸೆಕೆಂಡು ಕಾಯಬೇಕಾಗುತ್ತದೆ. ಕ್ಲ್ಯಾಮ್‌ಡಿ ಎಂಬ ಹಿನ್ನೆಲೆಯ ಪ್ರೋಗ್ರಾಮು ಆ ಸಂಗ್ರಹವನ್ನು ಮೆಮೊರಿಯಲ್ಲೇ ಇಟ್ಟುಕೊಂಡು ಸದಾ ಎಚ್ಚರವಾಗಿರುವುದರಿಂದ ಉತ್ತರ ಬೇಗ ಬರುತ್ತದೆ. ಜಾಲತಾಣಕ್ಕೆ ಬೇಕಾದದ್ದು ಇದೇ. ಆದರೆ ಅದಕ್ಕೆ 1 ಜಿಬಿಗಿಂತ ಹೆಚ್ಚು ಮೆಮೊರಿ ಬೇಕಾಗುತ್ತದೆ, ಹೊಸ ಸಂಗ್ರಹ ಬಂದಾಗ ಹಳೆಯದೂ ಹೊಸದೂ ಒಟ್ಟಿಗೆ ಮೆಮೊರಿಯಲ್ಲಿರುವುದರಿಂದ ಆ ಕ್ಷಣಕ್ಕೆ ಸುಮಾರು ಎರಡರಷ್ಟಾಗುತ್ತದೆ. ಇದನ್ನು ಓದಿಕೊಳ್ಳದೆ 1 ಜಿಬಿಯ ಸರ್ವರಿನಲ್ಲಿ ಅಳವಡಿಸಿದ್ದು ನನ್ನ ತಪ್ಪು; 4 ಜಿಬಿಗೆ ಬದಲಿಸಿದ ಮೇಲೆ ತೊಂದರೆಯಾಗಿಲ್ಲ. ಕ್ಲ್ಯಾಮ್‌ಡಿಗೆ ಪಾಸ್‌ವರ್ಡ್ ಕೇಳುವ ವ್ಯವಸ್ಥೆಯೇ ಇಲ್ಲ, ಆದ್ದರಿಂದ ಅದು ನೆಟ್‌ವರ್ಕಿನಲ್ಲಿ ಕೋರಿಕೆ ಪಡೆಯುವ ದ್ವಾರವಾದ 3310ನೇ ಪೋರ್ಟನ್ನು ಹೊರಗಿನ ನೆಟ್‌ವರ್ಕಿಗೆ ಎಂದಿಗೂ ತೆರೆದಿಡಬಾರದು.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಅದು ಕೊಡುವ ಉತ್ತರಕ್ಕೆ. ಏನೂ ಸಿಗದಿದ್ದರೆ 0, ವೈರಸ್ ಸಿಕ್ಕರೆ 1, ತಪಾಸಣೆಯೇ ನಡೆಯದಿದ್ದರೆ 2. ನಮ್ಮ ಮೊದಲ ಕೋಡಿನಲ್ಲಿ 1 ಬಂದರೆ ಮಾತ್ರ ತಿರಸ್ಕರಿಸು ಎಂದು ಬರೆದಿದ್ದೆ. ವೆಬ್ ಸರ್ವರ್ ಇಟ್ಟ ತಾತ್ಕಾಲಿಕ ಫೈಲನ್ನು ಓದಲು ಕ್ಲ್ಯಾಮ್‌ಡಿ ನಡೆಯುವ ಬಳಕೆದಾರ ಖಾತೆಗೆ ಅನುಮತಿಯೇ ಇರಲಿಲ್ಲ, ಹೀಗಾಗಿ ಪ್ರತಿ ಸಲವೂ 2 ಬರುತ್ತಿತ್ತು, ನಮ್ಮ ತಾಣ ಎಲ್ಲ ಫೈಲುಗಳನ್ನೂ ಸ್ವೀಕರಿಸುತ್ತಾ ಹೋಗಿತ್ತು. ಈಗ 0 ಬಂದದ್ದನ್ನು ಮಾತ್ರ ಒಳಗೆ ಬಿಡುತ್ತೇವೆ. ಆದರೆ ಆ ಸೊನ್ನೆಯನ್ನೂ ಪೂರ್ತಿ ನಂಬುವಂತಿಲ್ಲ: ಗಾತ್ರದ ಮಿತಿಯನ್ನು ಮೀರಿದ ಫೈಲನ್ನು ಅದು ಪರೀಕ್ಷಿಸದೆಯೇ ಸರಿ ಎಂದುಬಿಡುತ್ತದೆ. ಮಿತಿ ಮೀರಿದರೆ ಎಚ್ಚರಿಸುವ ಆಯ್ಕೆ ಇದೆ, ಆದರೆ ಅದನ್ನು ನಾವೇ ಚಾಲೂ ಮಾಡಬೇಕು.

ಪಾಸ್‌ವರ್ಡ್ ಹಾಕಿದ ಫೈಲುಗಳ ಕಥೆ ಇನ್ನೂ ತೊಡಕಿನದು. ಇ-ಆಧಾರ್ ಪಿಡಿಎಫ್‌ಗೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ ಸೇರಿದ ಪಾಸ್‌ವರ್ಡ್ ಇರುತ್ತದೆ. ವಿದ್ಯಾರ್ಥಿಗಳು ಅದನ್ನು ಇಳಿಸಿಕೊಂಡು ಇದ್ದ ಹಾಗೆಯೇ ಅಪ್‌ಲೋಡ್ ಮಾಡುತ್ತಾರೆ. ಬೀಗ ಹಾಕಿದ ಫೈಲಿನ ಒಳಗನ್ನು ಕ್ಲ್ಯಾಮ್‌ಎವಿ ನೋಡಲಾರದು, ಅಂಥ ಫೈಲುಗಳ ಬಗ್ಗೆ ಎಚ್ಚರಿಸುವ ಆಯ್ಕೆಯನ್ನು ಹಾಕಿದರೆ ಇ-ಆಧಾರ್ ಸಲ್ಲಿಸಿದವರೆಲ್ಲ ತಿರಸ್ಕೃತರಾಗುತ್ತಾರೆ. ಕೊನೆಗೆ ನಾವು ಆಯ್ಕೆಯನ್ನು ಹಾಕಿಯೇ ಇಟ್ಟು, “ಈ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ, ತೆರೆದು ಪ್ರಿಂಟ್ ತೆಗೆದು ಅದರ ಫೋಟೊ ಕಳಿಸಿ” ಎಂದು ಸ್ಪಷ್ಟ ಕನ್ನಡದಲ್ಲಿ ತಿಳಿಸುವ ಸಂದೇಶವನ್ನು ಸೇರಿಸಿದೆವು. ಹಿಂದೆ ಬರೀ “ಅಮಾನ್ಯ ಫೈಲ್” ಎಂದು ಬರುತ್ತಿತ್ತು. ಅದನ್ನು ಓದಿ ದಿಕ್ಕು ತೋಚದೆ ಮಸ್ಕಿಯಿಂದ ಬಸ್ಸು ಹತ್ತಿ ಬಂದ ಒಬ್ಬ ಹುಡುಗಿಯೂ ಅವಳ ತಂದೆಯೂ ಕಚೇರಿಯ ಬಾಗಿಲಲ್ಲಿ ನಿಂತಿದ್ದನ್ನು ನಾನು ಮರೆತಿಲ್ಲ.

ಇಷ್ಟಾದರೂ, ಕ್ಲ್ಯಾಮ್‌ಎವಿ ಹಾಕಿದ ಮಾತ್ರಕ್ಕೆ ಅಪ್‌ಲೋಡ್ ಸುರಕ್ಷಿತವಾಯಿತೆಂದು ಯಾರೂ ತಿಳಿಯಬಾರದು. ಅದಕ್ಕೆ ಗೊತ್ತಿರುವ ಕೇಡನ್ನು ಅದು ಹುಡುಕುತ್ತದೆ; ಯಾರೋ ಕೈಯಾರೆ ಬರೆದ ಒಂದು ಸಾಲಿನ ಪಿಎಚ್‌ಪಿ (ವೆಬ್ ಸರ್ವರಿನಲ್ಲೇ ನಡೆಯುವ ಪ್ರೋಗ್ರಾಮಿನ ಭಾಷೆ) ಕೋಡು ಅದರ ಕಣ್ಣಿಗೆ ಬೀಳದೇ ಹೋಗಬಹುದು. ನಮ್ಮ ಹಳೆಯ ತಾಣವನ್ನು ಮಾಡಿಕೊಟ್ಟವರು ಫೈಲಿನ ಬಗೆಯನ್ನು ಬ್ರೌಸರಿನಲ್ಲಿ ಮಾತ್ರ ಪರೀಕ್ಷಿಸಿ, ಬಂದದ್ದನ್ನು ಬಂದ ಹೆಸರಿನಲ್ಲೇ ಎಲ್ಲರಿಗೂ ತೆರೆದ ಫೋಲ್ಡರಿನಲ್ಲಿ ಇಡುತ್ತಿದ್ದರು. ಭಾವಚಿತ್ರದ ಜಾಗದಲ್ಲಿ ಒಂದು ಪಿಎಚ್‌ಪಿ ಫೈಲು ಬಂದು ಕೂತಿತು, ಮರುದಿನ ಬೆಳಿಗ್ಗೆ ಕಾಲೇಜಿನ ಮುಖಪುಟದಲ್ಲಿ ಜೂಜಿನ ಜಾಹೀರಾತು ಇತ್ತು.

ಹೊಸ ತಾಣದಲ್ಲಿ ಫೈಲಿನ ಹೆಸರನ್ನಾಗಲಿ, ಬ್ರೌಸರ್ ಹೇಳುವ ಬಗೆಯನ್ನಾಗಲಿ ನಂಬುವುದಿಲ್ಲ. ಫೈಲಿನ ನಿಜವಾದ ಬಗೆಯನ್ನು ತಿಳಿಸುವ ಮೊದಲ ಬೈಟುಗಳನ್ನು ಸರ್ವರಿನಲ್ಲೇ ಓದುತ್ತೇವೆ: ಜೆಪೆಗ್ ಆದರೆ ಎಫ್‌ಎಫ್ ಡಿ8 ಎಫ್‌ಎಫ್ ಎಂದೂ, ಪಿಡಿಎಫ್ ಆದರೆ ಶೇಕಡಾ ಚಿಹ್ನೆಯೂ ಅದರ ನಂತರವೇ ಪಿಡಿಎಫ್ ಎಂಬ ಅಕ್ಷರಗಳೂ ಇರಬೇಕು. ನಿಜವಾದ ಚಿತ್ರದೊಳಗೂ ಕೋಡನ್ನು ಬಚ್ಚಿಡಬಹುದಾದ್ದರಿಂದ ಚಿತ್ರಗಳನ್ನು ಹೊಸದಾಗಿ ಬರೆದು ಉಳಿಸುತ್ತೇವೆ. ಇದರಿಂದ ಫೋನು ಫೋಟೊದಲ್ಲಿ ಸೇರಿಸಿದ ಮನೆಯ ಸ್ಥಳದ ವಿವರವೂ ಅಳಿಸಿಹೋಗುತ್ತದೆ. ಪ್ರತಿಯೊಂದಕ್ಕೂ ಊಹಿಸಲಾಗದ ಹೊಸ ಹೆಸರು ಕೊಟ್ಟು, ವೆಬ್ ಸರ್ವರ್ ನೇರವಾಗಿ ತೋರಿಸಲಾಗದ ಫೋಲ್ಡರಿನಲ್ಲಿ ಇಡುತ್ತೇವೆ. ಗುಮಾಸ್ತರು ಲಾಗಿನ್ ಆಗಿ, ತಮಗೆ ಒಪ್ಪಿಸಿದ ಅರ್ಜಿಯ ಫೈಲನ್ನಷ್ಟೇ ಡೌನ್‌ಲೋಡ್ ಮಾಡಬಲ್ಲರು. ಒಬ್ಬಳ ಆದಾಯ ಪ್ರಮಾಣಪತ್ರವನ್ನು ಇನ್ನೊಬ್ಬ ವೆಬ್ ವಿಳಾಸದ ಅಂಕಿ ಬದಲಿಸಿ ನೋಡುವಂತಾದರೆ ಅದೂ ವೈರಸ್ಸಿನಷ್ಟೇ ದೊಡ್ಡ ಹಾನಿ ಎಂದು ನಾನು ಭಾವಿಸುತ್ತೇನೆ.

ಈ ಏರ್ಪಾಡುಗಳ ಜೊತೆಗೆ ಬಳಸುವವರಿಗೆ ನಾನು ಕ್ಲ್ಯಾಮ್‌ಎವಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಬರೀ ಅದೊಂದನ್ನೇ ನೆಚ್ಚಿಕೊಳ್ಳುವವರಿಗೆ ಎರಡು. ಪ್ರತಿ ವರ್ಷ ಅರ್ಜಿ ತೆರೆಯುವ ಹಿಂದಿನ ದಿನ ನಾನು ಐಕಾರ್ ಎಂಬ, ಶೋಧಕಗಳು ವೈರಸ್ಸೆಂದೇ ಗುರುತಿಸುವ 68 ಬೈಟಿನ ನಿರಪಾಯ ಪರೀಕ್ಷಾ ಫೈಲನ್ನು ಕ್ಲ್ಯಾಮ್‌ಡಿಗೆ ಕೊಟ್ಟು 1 ಬಂದದ್ದನ್ನು ಕಣ್ಣಾರೆ ನೋಡಿ, ಬಳಿಕ ಕ್ಲ್ಯಾಮ್‌ಡಿಯನ್ನು ಬೇಕೆಂದೇ ನಿಲ್ಲಿಸಿ ತಾಣದಿಂದ ಒಂದು ಒಳ್ಳೆಯ ಭಾವಚಿತ್ರವನ್ನು ಕಳಿಸಿ, ಅದೂ ತಿರಸ್ಕೃತವಾದ ನಂತರವೇ ಅರ್ಜಿಯ ಪುಟವನ್ನು ತೆರೆಯುತ್ತೇನೆ.