ಕ್ಯಾಡ್ಮಿಯಮ್ ಹಳದಿ ಅಂತ ಹೇಳಿ ಸೀಸದ ಹಳದಿ ಕೊಟ್ಟರು: ನೈಲಾನ್ ಹೊಡೆಯುವವರು ದಯವಿಟ್ಟು ಓದಿ

ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆ ಇಂಜೆಕ್ಷನ್ ಮೋಲ್ಡಿಂಗ್ (ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ಹೊಡೆಯುವ ಕೆಲಸ) ಮಾಡುವವರು ಯಾರೇ ಇರಲಿ, ಪ್ಲಾಸ್ಟಿಕ್ಕಿಗೆ ಬೆರೆಸುವ ಹಳದಿ ಬಣ್ಣದ ಪುಡಿ ತರಿಸುವ ಮುಂಚೆ ಇದನ್ನು ಪೂರ್ತಿ ಓದಿ. ಮಾತಿನಲ್ಲಿ ಕ್ಯಾಡ್ಮಿಯಮ್ ಅಂದರು, ಚೀಲದೊಳಗೆ ಲೆಡ್ ಕ್ರೋಮೇಟ್ (ಸೀಸದ ಅಗ್ಗದ ಹಳದಿ, ಕ್ರೋಮ್ ಹಳದಿ ಅನ್ನುವುದೂ ಇದಕ್ಕೇ) ತುಂಬಿ ಕೊಟ್ಟರು. ಪುಡಿ ತಗೊಂಡದ್ದು 5 ಕೆಜಿ. ಅದರಿಂದ ಹಾಳಾದದ್ದು 140 ಕೆಜಿ ಗಾಜಿನ ಎಳೆ ತುಂಬಿದ ನೈಲಾನ್. ದುಡ್ಡು ಹೋದದ್ದು ಒಂದು ಕಡೆ. ಕಣ್ಣೆದುರೇ ಚಮಚದಲ್ಲಿ ಪುಡಿ ಕಾಸಿ ತೋರಿಸಿದಾಗ ಹೌದೆಂದು ತಲೆ ಆಡಿಸಿದೆನಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ವ್ಯಾಪಾರಿಯ ಹೆಸರು ಹಾಕುತ್ತಿಲ್ಲ. ನಿಮಗೆ ಗೊತ್ತಾಗಬೇಕಾದದ್ದು ಆಟ ಹೇಗೆ ನಡೆಯಿತು ಅನ್ನೋದು.

ನೈಲಾನಿಗೆ ಕ್ಯಾಡ್ಮಿಯಮ್ಮೇ ಯಾಕೆ ಬೇಕು ಅಂತ ಈ ಕೆಲಸದವರಿಗೆ ಬಿಡಿಸಿ ಹೇಳಬೇಕಿಲ್ಲ. ಬ್ಯಾರೆಲ್ಲು, ಅಂದರೆ ಮಷಿನ್ನಿನಲ್ಲಿ ಪ್ಲಾಸ್ಟಿಕ್ ಕರಗುವ ಕೊಳವೆ, 245ರಿಂದ 270 ಡಿಗ್ರಿಯಲ್ಲಿ ಓಡುತ್ತದೆ. ಕರಗಿದ ನೈಲಾನು ಬಣ್ಣವನ್ನು ತಿನ್ನುವ ಜಾತಿಯ ಪ್ಲಾಸ್ಟಿಕ್ಕು, ಅದರಲ್ಲಿ ಅಪಕರ್ಷಣ ಗುಣ (ಬಣ್ಣದಿಂದ ಆಕ್ಸಿಜನ್ ಕಿತ್ತುಕೊಳ್ಳುವ ಗುಣ) ಇದೆ. ಸಾಮಾನ್ಯ ಆರ್ಗ್ಯಾನಿಕ್ ಹಳದಿಗಳು (ಲೋಹದ್ದಲ್ಲ, ಇಂಗಾಲದ ರಾಸಾಯನಿಕದಿಂದ ಮಾಡಿದವು) ಅಲ್ಲಿ ಉಳಿಯುವುದಿಲ್ಲ. ಡೈಆರಿಲೈಡ್ ಹಳದಿಯಂತೂ 200 ಡಿಗ್ರಿ ದಾಟಿದರೆ ಒಡೆದು ಡೈಕ್ಲೋರೋಬೆಂಜಿಡೀನ್ ಬಿಡುತ್ತದೆ, ಅದು ಕ್ಯಾನ್ಸರಿನ ಮಾಲು. ಕ್ಯಾಡ್ಮಿಯಮ್ ಹಳದಿ, ಅಂದರೆ ಕ್ಯಾಡ್ಮಿಯಮ್ ಸಲ್ಫೈಡ್, 300 ಡಿಗ್ರಿಯಲ್ಲೂ ಕದಲುವುದಿಲ್ಲ, ಗಾಳಿ ತಾಗದಿದ್ದರೆ 980 ಡಿಗ್ರಿ ಹತ್ತಿರ ಹೋದಮೇಲೆ ಆವಿಯಾಗುತ್ತದೆ. ನೀರಿನಲ್ಲಿ ಕರಗುವುದಿಲ್ಲ, ಕಾಸ್ಟಿಕ್ಕಿಗೆ ಜಗ್ಗುವುದಿಲ್ಲ.

ಬೆಲೆ ಯಾಕೆ ಅಷ್ಟು ಅನ್ನೋದಕ್ಕೂ ಕಾರಣ ಇದೆ. ಕ್ಯಾಡ್ಮಿಯಮ್ಮಿಗೆ ಅಂತ ಬೇರೆ ಗಣಿ ಇಲ್ಲ ಅಂದರೂ ನಡೆಯುತ್ತದೆ, ಸತು ತೆಗೆಯುವಾಗ ಜೊತೆಗೆ ಸಿಗುವ ಲೋಹ ಅದು. 1817ರಲ್ಲಿ ಜರ್ಮನಿಯ ಸ್ಟ್ರೋಮೇಯರ್ ಕಂಡುಹಿಡಿದದ್ದೂ ಸತುವಿನ ಕಾರ್ಬೋನೇಟಿನ ಕಲಬೆರಕೆಯಾಗಿಯೇ. ಬಣ್ಣ ಮಾಡುವ ವಿಧಾನ ಕೇಳಲಿಕ್ಕೆ ಸುಲಭ. 208 ಗ್ರಾಂ ಒಣ ಕ್ಯಾಡ್ಮಿಯಮ್ ಸಲ್ಫೇಟನ್ನು ನೀರಲ್ಲಿ ಕರಗಿಸಿ, 78 ಗ್ರಾಂ ಸೋಡಿಯಂ ಸಲ್ಫೈಡಿನ ದ್ರಾವಣ ಬಿಟ್ಟರೆ 144 ಗ್ರಾಂ ಹಳದಿ ಗಸಿ ತಳ ಸೇರುತ್ತದೆ. ಆದರೆ ಆ ಗಸಿ ಇನ್ನೂ ಬಣ್ಣ ಆಗಿರುವುದಿಲ್ಲ. ಸೋಸಿ, ತೊಳೆದು, ಒಣಗಿಸಿ, ಗಾಳಿ ತಾಗದ ಹಾಗೆ 600 ಡಿಗ್ರಿ ಆಸುಪಾಸಿನಲ್ಲಿ ಸುಡಬೇಕು. ಆಗ ಅದರ ಹರಳು ಬದಲಾಗಿ ಶೇಡ್ ನಿಲ್ಲುತ್ತದೆ. ಗಾಳಿ ಹೊಕ್ಕರೆ ಸಲ್ಫೈಡು ಮತ್ತೆ ಸಲ್ಫೇಟು, ಆಕ್ಸೈಡು ಆಗಿ ಕೆಡುತ್ತದೆ. ಸುಟ್ಟ ಮೇಲೆ ತೆಳು ಆಸಿಡ್ಡಿನಲ್ಲಿ ಮತ್ತೆ ತೊಳೆಯಬೇಕು, ಕರಗುವ ಕ್ಯಾಡ್ಮಿಯಮ್ ಉಳಿಯಬಾರದು ಅಂತ. ಆಮೇಲೆ ಅರೆಯೋದು. ಸತು ಸೇರಿಸಿದರೆ ನಿಂಬೆ ಹಳದಿ, ಸೆಲೀನಿಯಮ್ ಸೇರಿಸಿದರೆ ಕಿತ್ತಳೆಯಿಂದ ಕೆಂಪಿನವರೆಗೆ. ಬೇರಿಯಮ್ ಸಲ್ಫೇಟ್ ಬೆರೆತದ್ದು ಅಗ್ಗದ ಜಾತಿ. ಇಷ್ಟೆಲ್ಲ ಕೆಲಸ ಹಿಡಿಯುವ ಮಾಲಿಗೂ ಪೇಂಟ್ ಅಂಗಡಿಯ ಕ್ರೋಮ್ ಹಳದಿಗೂ ಬೆಲೆಯಲ್ಲಿ ಅಜಗಜಾಂತರ. ಮೋಸ ಹುಟ್ಟುವುದು ಅಲ್ಲೇ.

ವ್ಯವಹಾರ ನಡೆದ ರೀತಿ ಎಲ್ಲರಿಗೂ ಗೊತ್ತಿರುವುದೇ. ಮೊದಲು 100 ಗ್ರಾಂ ಸ್ಯಾಂಪಲ್. ಆ ಪೊಟ್ಟಣದ ಮೇಲೆ ‘ಪಿಗ್ಮೆಂಟ್ ಯೆಲ್ಲೋ 37’ ಅಂತ ಇತ್ತು, ಅದು ಕ್ಯಾಡ್ಮಿಯಮ್ ಸಲ್ಫೈಡಿನ ಸರಿಯಾದ ನಂಬರು. ಶೇಕಡ 1ರ ಲೆಕ್ಕದಲ್ಲಿ ಹಾಕಿ ಹೊಡೆದ ಶಾಟುಗಳು (ಅಚ್ಚಿನಿಂದ ಒಂದೊಂದು ಸಲ ಬರುವ ಪೀಸುಗಳು) ಚಿನ್ನದಂತೆ ಬಂದವು. ಪೂರ್ತಿ ದುಡ್ಡು ಹಾಕಿದ ಮೇಲೆ 5 ಕೆಜಿ ಚೀಲ ಬಂತು. ಅದರ ಮೇಲೆ ನಂಬರೇ ಇಲ್ಲ. ‘ಕ್ಯಾಡ್ ಯೆಲ್ಲೋ ಮಿಡಲ್’ ಅಂತ ಮಾತ್ರ. ಲೆಮನ್ ಕ್ರೋಮ್, ಮಿಡಲ್ ಕ್ರೋಮ್ ಅನ್ನುವುದು ಸೀಸದ ಹಳದಿಯವರ ಭಾಷೆ. ಆ ‘ಮಿಡಲ್’ ನೋಡಿದಾಗಲೇ ಚೀಲ ವಾಪಸ್ ಲಾರಿಗೆ ಹಾಕಬೇಕಿತ್ತು. ಹಾಕಲಿಲ್ಲ. ಶೇಡ್ ಸ್ವಲ್ಪ ಹಸಿ ಹಸಿ ಕಾಣುತ್ತದೆ ಅಂತ ಫೋನ್ ಮಾಡಿದ್ದಕ್ಕೆ, ವ್ಯಾಪಾರಿಯ ಏಜೆಂಟ್ ಮಾರನೇ ದಿನ ದಾವಣಗೆರೆಯ ಕರೂರಿನಲ್ಲಿರುವ ನಮ್ಮ ಜಾಗಕ್ಕೇ ಬಂದ.

ಬಂದವನು ಚೀಲದಿಂದ ಚಿಟಿಕೆ ಪುಡಿ ತೆಗೆದು ಸ್ಟೀಲ್ ಚಮಚಕ್ಕೆ ಹಾಕಿದ. ಕೆಳಗೆ ಲೈಟರ್ ಹಿಡಿದ. ಪುಡಿ ನಿಧಾನಕ್ಕೆ ಕಿತ್ತಳೆಯಾಯಿತು, ಕೆಂಪಗಾಯಿತು, ಕಂದಿತು. ಚಮಚ ಕೆಳಗಿಟ್ಟ. ಒಂದು ನಿಮಿಷದೊಳಗೆ ಅಂಚಿನಿಂದ ಒಳಕ್ಕೆ ಮತ್ತೆ ಹಳದಿ ತಿರುಗಿತು. “ನೋಡ್ರಿ ಅಣ್ಣಾ, ಬೆಂಕಿಗಿಟ್ರೂ ಬಣ್ಣ ವಾಪಸ್ ಬರುತ್ತೆ. ಕ್ಯಾಡ್ಮಿಯಮ್ ಬಿಟ್ರೆ ಬೇರೆ ಯಾವುದಕ್ಕೂ ಹಿಂಗಾಗಲ್ಲ” ಅಂದ. ಕ್ಯಾಡ್ಮಿಯಮ್ ಸಲ್ಫೈಡು ಹೀಗೇ ಮಾಡುತ್ತದೆ ಅನ್ನುವುದು ನಿಜ. ಬೇರೆ ಯಾವುದಕ್ಕೂ ಹಿಂಗಾಗಲ್ಲ ಅನ್ನುವುದು ಶುದ್ಧ ಸುಳ್ಳು. ಲೆಡ್ ಕ್ರೋಮೇಟೂ ಕಾಸಿದರೆ ಕೆಂಪು ಕಂದು ಆಗಿ, ತಣಿದರೆ ಹಳದಿಗೆ ತಿರುಗುತ್ತದೆ. ಇದು ಓದಿ ಗೊತ್ತಿದ್ದ ಸಂಗತಿ. ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ಚಮಚದ ಪರೀಕ್ಷೆಯಿಂದ ಆರ್ಗ್ಯಾನಿಕ್ ಹಳದಿ ಸಿಕ್ಕಿಬೀಳುತ್ತದೆ, ಅದು ಸುಟ್ಟು ಕರಿಯಾಗುತ್ತದೆ. ಸೀಸ ಸಿಕ್ಕಿಬೀಳುವುದಿಲ್ಲ. ಯಾರಾದರೂ ಚಮಚ, ಲೈಟರ್ ತೆಗೆದರೆ ಅಲ್ಲೇ ನಿಲ್ಲಿಸಿ. ಅದು ಪರೀಕ್ಷೆ ಅಲ್ಲ.

ಮಷಿನ್ ಮೇಲೆ ಸತ್ಯ ಹೊರಬಿತ್ತು. ದಾನಾ (ನೈಲಾನ್ ಕಾಳು) 80 ಡಿಗ್ರಿಯಲ್ಲಿ 4 ಗಂಟೆ ಒಣಗಿತ್ತು. ಬ್ಯಾರೆಲ್ಲಿನ ಝೋನುಗಳು 245, 255, 265, ನಾಜಲ್ 260. 25 ಕೆಜಿ ಚೀಲಕ್ಕೆ 250 ಗ್ರಾಂ ಪುಡಿ. ಸ್ಯಾಂಪಲ್ ಓಡಿಸಿದ ಸೆಟ್ಟಿಂಗೇ, ಒಂದು ಡಿಗ್ರಿಯೂ ಬದಲಿಲ್ಲ. ಮೊದಲ ಶಾಟುಗಳಲ್ಲಿ ಗೇಟಿನ (ಅಚ್ಚಿಗೆ ಪ್ಲಾಸ್ಟಿಕ್ ಹೊಗುವ ಬಾಯಿ) ಹತ್ತಿರ ಮಬ್ಬು ಅಷ್ಟೇ. ಟೀಗೆ ಅಂತ 10 ನಿಮಿಷ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಬ್ಯಾರೆಲ್ಲಿನಿಂದ ಬಂದದ್ದು ಕೊಳಕು ಪಾಚಿ ಬಣ್ಣ. ಕ್ರೋಮೇಟಿನ ಕ್ರೋಮಿಯಮ್ಮು ಬಿಸಿ ನೈಲಾನಿನಲ್ಲಿ ಹಸಿರು ಸ್ಥಿತಿಗೆ ಇಳಿಯುತ್ತದೆ, ಹೆಚ್ಚು ಹೊತ್ತು ಕೂತಷ್ಟೂ ಹೆಚ್ಚು. ಮೇಲಿಂದ ಕಪ್ಪು ಚುಕ್ಕೆ ಬೇರೆ. ಸ್ಯಾಂಪಲ್ ಓಡಿಸಿದಾಗಿನ ರನ್ನರ್ (ಪೀಸಿನ ಜೊತೆ ಬರುವ ಕಡ್ಡಿ, ಉಳಿಕೆ ಪ್ಲಾಸ್ಟಿಕ್) ಪುಡಿ ಮಾಡಿ ಇದಕ್ಕೇ ಸೇರಿಸಿದ್ದಾಗಿತ್ತು. ಅದರಲ್ಲಿದ್ದದ್ದು ಸಲ್ಫೈಡು, ಇದರಲ್ಲಿ ಸೀಸ. ಎರಡೂ ಬಿಸಿಯಲ್ಲಿ ಸೇರಿದರೆ ಲೆಡ್ ಸಲ್ಫೈಡ್, ಅದು ಕಪ್ಪು. ಸೀಸ ಇರುವ ಪಿವಿಸಿ ಜೊತೆ ಕ್ಯಾಡ್ಮಿಯಮ್ ಬಣ್ಣ ಹಾಕಬಾರದು ಅನ್ನುವುದೂ ಇದೇ ಕಾರಣಕ್ಕೆ. ಟೆಂಪರೇಚರ್ ಇಳಿಸಿ, ಬ್ಯಾಕ್ ಪ್ರೆಶರ್ ಇಳಿಸಿ, ಸ್ಕ್ರೂ ತೊಳೆದು ನೋಡುವಷ್ಟರಲ್ಲಿ 140 ಕೆಜಿ ಮುಗಿದಿತ್ತು. ಅನುಮಾನ ಮಷಿನ್ ಮೇಲೆ, ದಾನಾ ಮೇಲೆ, ಹುಡುಗರ ಮೇಲೆ. ಪುಡಿಯ ಮೇಲೆ ಕೊನೆಗೆ ಬಂತು. ಚಮಚ ಕಾಸಿ ತೋರಿಸಿದ್ದನಲ್ಲ!

ಮಾಡಬೇಕಿದ್ದ ಪರೀಕ್ಷೆ ಎರಡು ನಿಮಿಷದ್ದು. ಒಂದು ಗಾಜಿನ ತಟ್ಟೆ, ಎಡಕ್ಕೆ ಸ್ಯಾಂಪಲ್ ಪೊಟ್ಟಣದಲ್ಲಿ ಉಳಿದಿದ್ದ ಚಿಟಿಕೆ ಪುಡಿ, ಬಲಕ್ಕೆ ಚೀಲದ ಚಿಟಿಕೆ ಪುಡಿ. ಎರಡಕ್ಕೂ ಸೋಡಿಯಂ ಸಲ್ಫೈಡ್ ದ್ರಾವಣದ ಒಂದೊಂದು ಹನಿ. ಎಡಗಡೆಯದು ಹಳದಿಯಾಗಿಯೇ ಕೂತಿತ್ತು. ಬಲಗಡೆಯದು ಹನಿ ಬಿದ್ದ ಜಾಗದಿಂದ ಶುರುವಾಗಿ ಕಾಡಿಗೆ ಹಚ್ಚಿದ ಹಾಗೆ ಕಪ್ಪಾಗುತ್ತಾ ಹೋಯಿತು. ಆ ಕಪ್ಪು ನೋಡುತ್ತಾ ನಿಂತಾಗ ಆದ ಅವಮಾನ ಇದೆಯಲ್ಲ, ಅದನ್ನು ಹೇಗೆ ಹೇಳಲಿ. ಚೀಲ ಬಂದ ದಿನವೇ ಈ ಹನಿ ಹಾಕಬಹುದಿತ್ತು. ಎರಡು ನಿಮಿಷ!

ಇನ್ನೊಂದು ಪರೀಕ್ಷೆ ಆಸಿಡ್ಡಿನದು. ಹೈಡ್ರೋಕ್ಲೋರಿಕ್ ಆಸಿಡ್ಡಿಗೆ ಸಮ ನೀರು (ನೀರಿಗೆ ಆಸಿಡ್ ಹಾಕಿ, ಆಸಿಡ್ಡಿಗೆ ನೀರಲ್ಲ), ಅಕ್ಕಿ ಕಾಳಿನಷ್ಟು ಪುಡಿ, ಟೆಸ್ಟ್ ಟ್ಯೂಬನ್ನು ಬಿಸಿನೀರಲ್ಲಿ ನಿಲ್ಲಿಸಿ. ನಿಜವಾದ ಕ್ಯಾಡ್ಮಿಯಮ್ ಆದರೆ ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಲೆಡ್ ಅಸಿಟೇಟಿನಲ್ಲಿ ಅದ್ದಿದ ಕಾಗದ ಟ್ಯೂಬಿನ ಬಾಯಿಗೆ ಹಿಡಿದರೆ ಕಪ್ಪಾಗುತ್ತದೆ, ಹಳದಿ ಕರಗಿ ಹೋಗುತ್ತದೆ. ತಳದಲ್ಲಿ ಬಿಳಿ ಉಳಿದರೆ ಅದು ಬೇರಿಯಮ್ ಸಲ್ಫೇಟು, ಕಲಬೆರಕೆ. ಸೀಸದ್ದಾದರೆ ಆ ಮೊಟ್ಟೆ ವಾಸನೆ ಇಲ್ಲ, ದ್ರಾವಣ ಕಿತ್ತಳೆ ತಿರುಗುತ್ತದೆ, ತಣಿದಾಗ ಬಿಳಿ ಹರಳು ಕಟ್ಟುತ್ತದೆ. ಇದನ್ನು ಬಯಲಲ್ಲೇ ಮಾಡಿ. ಆ ವಾಸನೆಯ ಗ್ಯಾಸು ವಿಷ. ವಾಸನೆ ನಿಂತಿತು ಅಂದರೆ ಗ್ಯಾಸ್ ನಿಂತಿತು ಅಂತಲ್ಲ, ಹೆಚ್ಚಾದಾಗ ಮೂಗಿಗೇ ಗೊತ್ತಾಗುವುದಿಲ್ಲ. ಸೋಡಿಯಂ ಸಲ್ಫೈಡ್ ಬಾಟಲಿಯ ಹತ್ತಿರ ಆಸಿಡ್ ಇಡಲೇಬೇಡಿ. ಕರಗಿದ ಕ್ಯಾಡ್ಮಿಯಮ್ ಪುಡಿಗಿಂತ ಅಪಾಯ, ಆ ನೀರನ್ನು ಚರಂಡಿಗೆ ಬಿಡದೆ ಬಾಟಲಿಯಲ್ಲಿ ಎತ್ತಿಡಿ.

ಒಂದು ಸಂಗತಿ ಮರೆಯಬೇಡಿ. ಸಿಲಿಕಾ ಲೇಪನ ಇರುವ ಕ್ರೋಮ್ ಹಳದಿ ಸಲ್ಫೈಡಿಗೂ ಕಾಸ್ಟಿಕ್ಕಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಅಂಥದ್ದಿದ್ದರೆ ಹನಿ ಪರೀಕ್ಷೆಯೂ ಕೈ ಕೊಡುತ್ತದೆ. ಆಗ ನಂಬುವ ದಾರಿ ಎಕ್ಸ್‌ಆರ್‌ಎಫ್ (ಎಕ್ಸ್-ರೇ ಹಾಯಿಸಿ ಒಳಗೆ ಯಾವ ಲೋಹ ಇದೆ ಅಂತ ಹೇಳುವ ಪರೀಕ್ಷೆ). ಚಿನ್ನ ಪರೀಕ್ಷೆ ಮಾಡುವ ಕಡೆ ಇರುವ ಯಂತ್ರವೇ. ಕೆಡಿಎಂ ಅಂತ ಎಲ್ಲರಿಗೂ ಗೊತ್ತಿರುವ ಬೆಸುಗೆ ಕ್ಯಾಡ್ಮಿಯಮ್ಮಿನದೇ ಆದ್ದರಿಂದ ಅಲ್ಲಿ ಕ್ಯಾಡ್ಮಿಯಮ್ ಹೊಸದಲ್ಲ. ಅದು ಹೇಳುವ ಶೇಕಡಾವಾರು ಪುಡಿಗೆ ಸರಿಹೊಂದುವುದಿಲ್ಲ, ಆದರೆ ಕ್ಯಾಡ್ಮಿಯಮ್ ಇದೆಯೋ ಸೀಸ ಇದೆಯೋ ಅಂತ ತಿಳಿಯಲು ಸಾಕು. ಸರಿಯಾದ ಲ್ಯಾಬ್ ರಿಪೋರ್ಟಿನಲ್ಲಿ ಶುದ್ಧ ಸಲ್ಫೈಡಾದರೆ ಕ್ಯಾಡ್ಮಿಯಮ್ ಶೇಕಡ 77ರ ಹತ್ತಿರ ಇರಬೇಕು. ಲೆಡ್ ಕ್ರೋಮೇಟಿನಲ್ಲಿ ಸೀಸವೇ ಶೇಕಡ 64.

ಇನ್ನು ಇದಕ್ಕೆಲ್ಲ ವ್ಯಾಪಾರಿ ಕಡೆಯವರು ಕೊಟ್ಟ ಉತ್ತರಗಳು. ಮೊದಲನೆಯದು, “ಸರ್, ನಿಮ್ಮ ಬ್ಯಾರೆಲ್ ಹೀಟ್ ಜಾಸ್ತಿ.” (ಮಾಲು ಕೊಡುವವರೆಗೆ ‘ಅಣ್ಣಾ’, ಆಮೇಲೆ ‘ಸರ್’.) 300 ಡಿಗ್ರಿ ತಡೆಯುವ ಬಣ್ಣಕ್ಕೆ 265 ಹೇಗೆ ಜಾಸ್ತಿ ಅಂತ ಕೇಳಿದ್ದಕ್ಕೆ ಎರಡು ದಿನ ಸುದ್ದಿ ಇಲ್ಲ. ಎರಡನೆಯದು, “ನಿಮ್ಮ ದಾನಾದಲ್ಲಿ ತೇವ ಇದೆ.” ಕಪ್ಪಾದ ತಟ್ಟೆಯ ಫೋಟೋ ಕಳಿಸಿದ್ದಕ್ಕೆ, “ಕೆಮಿಕಲ್ ಹಾಕಿದ್ರೆ ಯಾವ ಕಲರ್ ಆದ್ರೂ ಕಪ್ಪಾಗುತ್ತೆ.” ಪಕ್ಕದಲ್ಲೇ ಹಳದಿಯಾಗಿ ಕೂತಿದ್ದ ಅವರದೇ ಸ್ಯಾಂಪಲ್ಲಿನ ಬಗ್ಗೆ ಒಂದು ಮಾತಿಲ್ಲ. ಕೊನೆಗೆ ಬಂದದ್ದು ಇದು: “ಕ್ಯಾಡ್ ಯೆಲ್ಲೋ ಅನ್ನೋದು ಶೇಡ್ ಹೆಸರು ಸರ್. ಒಳಗೆ ಕ್ಯಾಡ್ಮಿಯಮ್ ಇದೆ ಅಂತ ಬಿಲ್ಲಲ್ಲಿ ಎಲ್ಲಿದೆ?” ಬಿಲ್ ತೆಗೆದು ನೋಡಿದರೆ ನಿಜಕ್ಕೂ ಇಲ್ಲ. ‘ಕ್ಯಾಡ್ ಯೆಲ್ಲೋ ಶೇಡ್, 5 ಕೆಜಿ.’ ಆ ‘ಶೇಡ್’ ಅನ್ನುವ ಒಂದು ಪದ ಮೊದಲೇ ಯೋಚಿಸಿ ಹಾಕಿದ್ದು. ಚಮಚ ಕಾಸಿದವನು ಬಾಯಲ್ಲಿ ಹೇಳಿದ್ದು ಕ್ಯಾಡ್ಮಿಯಮ್, ಕಾಗದದಲ್ಲಿ ಬರೆದದ್ದು ಶೇಡ್. ವಾಪಸ್ ತಗೊಳ್ಳಿ ಅಂದರೆ “ಓಪನ್ ಮಾಡಿದ ಬ್ಯಾಗ್ ರಿಟರ್ನ್ ಇಲ್ಲ.” ಆ ಚೀಲಕ್ಕೆ ಕೈ ಹಾಕಿ ಪುಡಿ ತೆಗೆದದ್ದು ಅವರದೇ ಏಜೆಂಟ್!

ಬಿಲ್ಲಿನಲ್ಲಿ ಪಿಗ್ಮೆಂಟ್ ನಂಬರು ಬರೆಸಿ. 37 ಕ್ಯಾಡ್ಮಿಯಮ್ ಸಲ್ಫೈಡ್, 35 ಸತು ಬೆರೆತ ಕ್ಯಾಡ್ಮಿಯಮ್, 34 ಸೀಸ. 37:1 ಅಂತ ಬರೆದರೆ ಬೇರಿಯಮ್ ಬೆರೆತದ್ದು, ಅದಕ್ಕೆ ಪೂರ್ತಿ ಬೆಲೆ ಕೊಡಬೇಡಿ. ಲಾಟ್ ನಂಬರಿನ ಜೊತೆ ಟೆಸ್ಟ್ ರಿಪೋರ್ಟ್ ಕೇಳಿ. ಸ್ಯಾಂಪಲ್ಲಿನ 10 ಗ್ರಾಂ ಎತ್ತಿಡಿ, ಅದು ಇಲ್ಲದಿದ್ದರೆ ನನಗೆ ಹೋಲಿಸಲಿಕ್ಕೂ ಏನೂ ಇರುತ್ತಿರಲಿಲ್ಲ. ಚೀಲ ಬಂದ ಗಂಟೆಯೊಳಗೆ ಹನಿ ಹಾಕಿ. ಶೇಡ್ ಅನ್ನುವ ಪದ ಬಿಲ್ಲಿನಲ್ಲಿ ಕಂಡರೆ ದುಡ್ಡು ಕೊಡಬೇಡಿ.

ಅಸಲಿ ಸಿಕ್ಕರೂ ಅದನ್ನು ಎಲ್ಲದಕ್ಕೂ ಹಾಕಬೇಡಿ. ಶೇಕಡ 1 ಹಾಕಿದರೆ ಪೀಸಿನಲ್ಲಿ ಶೇಕಡ 0.78 ಕ್ಯಾಡ್ಮಿಯಮ್. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ ಸಾಮಾನಿಗೆ ಇ-ತ್ಯಾಜ್ಯ ನಿಯಮದ ಮಿತಿ ಶೇಕಡ 0.01. ಆಟಿಕೆ, ಅಡುಗೆ ಸಾಮಾನು, ನೀರಿನ ಕ್ಯಾನುಗಳ ಹತ್ತಿರವೂ ಬೇಡ. ತೂಕ ಮಾಡುವಾಗ ಫ್ಯಾನ್ ಆರಿಸಿ, ಧೂಳಿನ ಮಾಸ್ಕ್ ಹಾಕಿ, ಕೈ ತೊಳೆಯದೆ ಬೀಡಿ, ಟೀ ಮುಟ್ಟಬೇಡಿ. ಕ್ಯಾಡ್ಮಿಯಮ್ ಮೈಯೊಳಗೆ ಹೋದರೆ ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಕೂರುತ್ತದೆ. ಜಪಾನಿನ ತೊಯಾಮಾದಲ್ಲಿ ಗಣಿಯ ನೀರು ಗದ್ದೆಗೆ ಹರಿದು ಜನರ ಮೂಳೆ ಮುರಿದುಹೋದ ಇತಾಯ್-ಇತಾಯ್ ಕಾಯಿಲೆಗೆ ಕಾರಣ ಇದೇ ಲೋಹ ಅಂತ ಅಲ್ಲಿನ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು.

ಚೀಲದಲ್ಲಿ ಇನ್ನೂ ಮೂರೂವರೆ ಕೆಜಿ ಉಳಿದಿದೆ. ಸೀಸ, ಕ್ರೋಮಿಯಮ್ ಎರಡೂ ಇರುವ ಪುಡಿ, ಕಸದ ಗಾಡಿಗೂ ಹಾಕುವಂತಿಲ್ಲ, ಹಳ್ಳಕ್ಕೂ ಸುರಿಯುವಂತಿಲ್ಲ. ಹಾಳಾದ ನೈಲಾನ್ ಗಟ್ಟಿಗಳನ್ನು ಗುಜರಿಗೆ ಕೊಟ್ಟರೆ ಅದು ಪುಡಿಯಾಗಿ ಯಾವ ಬಕೆಟ್ಟು, ಯಾವ ಆಟಿಕೆಗೆ ಸೇರುತ್ತದೋ ಗೊತ್ತಿಲ್ಲ, ಹಾಗಾಗಿ ಕೊಟ್ಟಿಲ್ಲ. ಎಲ್ಲವನ್ನೂ ಡ್ರಮ್ಮಿಗೆ ತುಂಬಿ, ಮೇಲೆ ‘ಸೀಸ ಇದೆ’ ಅಂತ ದಪ್ಪಕ್ಷರದಲ್ಲಿ ಬರೆದು ಇಟ್ಟಿದ್ದೇನೆ. ಅಪಾಯಕಾರಿ ತ್ಯಾಜ್ಯ ತಗೊಳ್ಳುವ ದಾಬಸ್‌ಪೇಟೆಗೆ ಅದನ್ನು ಕಳಿಸುವ ಖರ್ಚೂ ನನ್ನ ತಲೆಗೇ. ಆ ಖರ್ಚಿನ ಬಗ್ಗೆ ವ್ಯಾಪಾರಿಗೆ ಹಾಕಿದ ಮೆಸೇಜಿಗೆ ಎರಡು ನೀಲಿ ಗೆರೆ ಬಂದಿದೆ, ಉತ್ತರ ಬಂದಿಲ್ಲ.